‘ಸೂಜಿ ಮತ್ತು ತಟ್ಟೆ’ ಗ್ರೂಪಿಗೆ ಉಮಾಶಂಕರನನ್ನು ಮರುಸೇರ್ಪಡೆ ಮಾಡುವ ಬಗ್ಗೆ

ಇವರಿಂದ,
ಉಮಾಶಂಕರ್ ಬಿನ್ ಚಿಕ್ಕಬೀರಪ್ಪ,
ಟಪಾಲು ವಿಭಾಗ, ತಾಲ್ಲೂಕು ಕಚೇರಿ, ದೊಡ್ಡಬಳ್ಳಾಪುರ
(ಆದರೆ ಈ ಅರ್ಜಿಯ ಮಟ್ಟಿಗೆ ಖಾಸಗಿ ಮನುಷ್ಯ)

ಇವರಿಗೆ,
ಶ್ರೀ ಮನೋಹರ್ ಬಿನ್ ವೆಂಕಟರಾಯಪ್ಪ,
ಅಡ್ಮಿನ್‌ರವರು, ‘ಸೂಜಿ ಮತ್ತು ತಟ್ಟೆ’ ವಾಟ್ಸಾಪ್ ಗ್ರೂಪ್,
ಶಾಮಿಯಾನ ಮತ್ತು ಮೈಕ್‌ಸೆಟ್ ಅಂಗಡಿ, ದೊಡ್ಡಬಳ್ಳಾಪುರ

ವಿಷಯ: ಸಂಗೀತದ ಬಗ್ಗೆ ಅಭಿಪ್ರಾಯ ಹೊಂದಿದ್ದ ಕಾರಣಕ್ಕೆ ಗ್ರೂಪಿನಿಂದ ಹೊರಹಾಕಲ್ಪಟ್ಟವನನ್ನು ವಾಪಸು ಸೇರಿಸಿಕೊಳ್ಳುವ ಕುರಿತು.

ಉಲ್ಲೇಖ: 1. ತಮ್ಮ ಹೆಬ್ಬೆರಳಿನ ಆದೇಶ, ಯುಗಾದಿಯ ಹಿಂದಿನ ದಿನ.
2. ನೀರಿನ ಘಟಕದ ಹಿಂಭಾಗದಲ್ಲಿ ತಾವು ನೀಡಿದ ಮೌಖಿಕ ಸೂಚನೆ: “ಅರ್ಜಿ ಹಾಕು, ನೋಡಾಣ.”

ಮಾನ್ಯ ಅಡ್ಮಿನ್‌ರವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಹಳೆಯ ಎಲ್‌ಪಿ ರೆಕಾರ್ಡುಗಳ ಹುಚ್ಚಿರುವವರಿಗಾಗಿ ತಾವು ಕಟ್ಟಿದ ಸದರಿ ಗ್ರೂಪಿನಿಂದ ಅರ್ಜಿದಾರನನ್ನು ಯಾವುದೇ ನೋಟೀಸು ಕೊಡದೆ, ವಿವರಣೆ ಕೇಳದೆ ತೆಗೆದುಹಾಕಲಾಗಿರುತ್ತದೆ. ಆ ಹೊತ್ತಿಗೆ ಅರ್ಜಿದಾರನು ಹಬ್ಬದ ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದನು. ‘ಅಡ್ಮಿನ್ ನಿಮ್ಮನ್ನು ತೆಗೆದುಹಾಕಿದ್ದಾರೆ’ ಎಂಬುದನ್ನು ಮೊಬೈಲಿನಲ್ಲಿ ಓದಿದ ಕಾರಣ ಮಿಕ್ಸಿಗೆ ಮುಚ್ಚಳ ಹಾಕುವುದು ಮರೆತುಹೋಗಿ, ಹೂರಣವು ಅಡುಗೆಮನೆಯ ಮೂರು ಗೋಡೆಗಳಿಗೆ ತಲುಪಿತು. ಈ ಬಗ್ಗೆ ಅವನ ಧರ್ಮಪತ್ನಿ ವಾಣಿಶ್ರೀಯವರು ಪ್ರತ್ಯೇಕ ತಕರಾರು ಸಲ್ಲಿಸಿದ್ದು, ಅದು ಇನ್ನೂ ಇತ್ಯರ್ಥವಾಗಿಲ್ಲ.

ಪ್ರಕರಣದ ಹಿನ್ನೆಲೆ ಈ ಕೆಳಗಿನಂತಿದೆ:

1. ಅರ್ಜಿದಾರನೂ ತಾವೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಕಾಲೇಜಿನ ದಿನಗಳಲ್ಲಿ ತಾವು, ಮಗ್ಗದ ಮನೆಯ ಮುನಿಕೃಷ್ಣ ಮತ್ತು ಕಾಂತರಾಜು ಸೇರಿ ‘ಮಗ್ಗದ ಸದ್ದು’ ಎಂಬ ರಾಕ್ ಬ್ಯಾಂಡ್ ಸ್ಥಾಪಿಸಿದ್ದು ಸರಿಯಷ್ಟೆ. ತಾವು ಹಾಡು, ಮುನಿಕೃಷ್ಣ ಗಿಟಾರು, ಕಾಂತರಾಜು ಡ್ರಮ್ಮು. ಅರ್ಜಿದಾರನಿಗೆ ಹಾಡಲು ಬಾರದು, ಬಾರಿಸಲು ಬಾರದು, ಚಪ್ಪಾಳೆ ಕೂಡ ತಾಳಕ್ಕೆ ಬೀಳದು. ಆದಕಾರಣ ಅವನನ್ನು ಅಭಿಮಾನಿಯ ಹುದ್ದೆಗೆ ನೇಮಿಸಲಾಗಿತ್ತು. ಅವನು ಆಂಪ್ಲಿಫೈಯರ್ ಹೊತ್ತು, ಗಣೇಶನ ಪೆಂಡಾಲುಗಳ ಮುಂದೆ ಒಬ್ಬನೇ ಕುಣಿದು, “ಲೇ, ಸಿನಿಮಾ ಹಾಡು ಹಾಡ್ರೋ!” ಎಂದು ಕೂಗಿದವರ ಜೊತೆ ಕೈಕೈ ಮಿಲಾಯಿಸಿ, ಒಂದು ಹಲ್ಲನ್ನೂ ಕಳೆದುಕೊಂಡು ಕರ್ತವ್ಯ ನಿರ್ವಹಿಸಿರುತ್ತಾನೆ. ಆಮೇಲೆ ಮುನಿಕೃಷ್ಣ ಅಪ್ಪನ ಮಗ್ಗಕ್ಕೆ, ತಾವು ಶಾಮಿಯಾನಕ್ಕೆ, ಕಾಂತರಾಜು ರಾಜಕೀಯಕ್ಕೆ ಹೋಗಿ ಬ್ಯಾಂಡು ಒಡೆಯಿತು. ಆದರೆ ಅಭಿಮಾನಿಯ ಹುದ್ದೆ ರದ್ದಾದ ಬಗ್ಗೆ ಅರ್ಜಿದಾರನಿಗೆ ಈವರೆಗೆ ಯಾವ ಆದೇಶವೂ ತಲುಪಿಲ್ಲ.

2. ಮೊದಲನೇ ಆರೋಪ, ಸೋಲ್ ರೆಕಾರ್ಡಿನದು. ಅಮೆರಿಕದ ಕಪ್ಪು ಜನ ಭಜನೆಯ ಭಕ್ತಿಯಲ್ಲಿ ಪ್ರೀತಿಯ ಗೋಳು ಹಾಡುವ ಈ ಸಂಗೀತ ಅರ್ಜಿದಾರನಿಗೆ ಪ್ರಾಣ. (“ಸೋಲಂತೆ ಸೋಲು! ಆ ದೇಶದಲ್ಲಿ ಗೆಲುವಿನ ಹಾಡು ಒಂದೂ ಇಲ್ವೇನ್ರೀ?” ಎಂಬುದು ವಾಣಿಶ್ರೀಯವರ ಆಕ್ಷೇಪಣೆ.) ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಒಬ್ಬ ಗಾಯಕಿಯ ಹಳೇ ರೆಕಾರ್ಡನ್ನು ಅವನು ಗೀರುಬಿದ್ದು ಸೂಜಿ ಹಾರುವವರೆಗೆ ಕೇಳಿದ್ದನು. ಅದೇ ರೆಕಾರ್ಡನ್ನು ಕಂಪನಿಯವರು ಈಗ ಮತ್ತೆ ಹೊಸದಾಗಿ ಅಚ್ಚುಹಾಕಿದ್ದು, ತಾವು ಅದನ್ನು ತರಿಸಿ ಅರ್ಜಿದಾರನ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಟ್ಟಿರಿ. ಅದೇ ಸಂಜೆ ಅರ್ಜಿದಾರನು ಗ್ರೂಪಿನಲ್ಲಿ ಒಂದು ದೀರ್ಘ ಧ್ವನಿ ಸಂದೇಶ ಹಾಕಿ, “ಇದನ್ನ ಫಿನಾಯಿಲ್ ಹಾಕಿ ತೊಳ್ದು ಇಸ್ತ್ರಿ ಮಾಡವ್ರೆ. ಕೊನೇ ಸಾಲಿಗೆ ಮುಂಚೆ ಆಯಮ್ಮ ಉಸಿರು ಎಳ್ಕೊಳ್ತಾಳಲ್ಲ, ಆ ಉಸಿರನ್ನೇ ಒರೆಸಿಬಿಟ್ಟವ್ರೆ. ಇದು ಹಾಡಲ್ಲ ಗುರು, ಹಾಡಿನ ಆಧಾರ್ ಕಾರ್ಡ್ ಫೋಟೋ” ಎಂದಿರುತ್ತಾನೆ.

ತಾವು “ಅದು ನಾನ್ ತಂದ್ಕೊಟ್ಟಿದ್ದು ಕಣೋ” ಎಂದು ಮಾತ್ರ ಬರೆದಿರಿ. ಅದಕ್ಕೆ ಅರ್ಜಿದಾರನು “ಗೊತ್ತು, ಅದಕ್ಕೇ ಕಮ್ಮಿ ಬೈದಿದೀನಿ” ಎಂದು ಉತ್ತರಿಸಿದ್ದು ತಪ್ಪು.

3. ಎರಡನೇ ಆರೋಪ. ಬಹಳ ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಇದ್ದ ವಿದೇಶದ ರಾಕ್ ತಂಡವೊಂದು ಮತ್ತೆ ಒಂದಾಗುವುದಾಗಿ ಪ್ರಕಟಿಸಿತು. ಗ್ರೂಪಿನಲ್ಲಿ ಎಲ್ಲರೂ ಸಂಭ್ರಮಿಸುತ್ತಿರುವಾಗ ಅರ್ಜಿದಾರನು, “ಒಡೆದ ಬ್ಯಾಂಡು ಒಡೆದೇ ಇರಬೇಕು. ವಯಸ್ಸಾದ ಮೇಲೆ ಗಿಟಾರು ಭುಜದಿಂದ ನೇತಾಡಲ್ಲ, ಹೊಟ್ಟೆ ಮೇಲೆ ಕೂತ್ಕೊಳ್ಳುತ್ತೆ. ಮನೇಲಿ ಮೊಮ್ಮಕ್ಕಳನ್ನ ಆಡಿಸ್ಕೊಂಡಿರೋದು ಬಿಟ್ಟು ಇದೆಲ್ಲ ಯಾಕೆ?” ಎಂದು ಬರೆದಿರುತ್ತಾನೆ.

ಅದೇ ವಾರ ಮುನಿಕೃಷ್ಣ ಅಟ್ಟದಿಂದ ಗಿಟಾರು ಇಳಿಸಿ ಹೊಸ ತಂತಿ ಕಟ್ಟಿದ್ದು, ತಾವು ಬೆಳಿಗ್ಗೆ ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದುದು, ‘ಮಗ್ಗದ ಸದ್ದು’ ಮತ್ತೆ ಒಂದಾಗುತ್ತಿರುವುದು ಅರ್ಜಿದಾರನಿಗೆ ತಿಳಿದಿರಲಿಲ್ಲ. ಅವನಿಗೆ ಅಚ್ಚರಿ ಕೊಡಬೇಕೆಂದು ತಾವೇ ಗುಟ್ಟಾಗಿ ಇಟ್ಟಿದ್ದಿರಿ. ಅವನು ಬರೆದದ್ದು ಆ ವಿದೇಶದವರ ಹೊಟ್ಟೆಯ ಬಗ್ಗೆಯೇ ಹೊರತು ಮುನಿಕೃಷ್ಣನ ಹೊಟ್ಟೆಯ ಬಗ್ಗೆ ಅಲ್ಲ ಎಂಬುದನ್ನು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

4. ಮೂರನೇ ಆರೋಪ, ರಾಜಕೀಯ. ಸರ್ಕಾರಿ ನೌಕರನಾದ ಅರ್ಜಿದಾರನಿಗೆ ರಾಜಕೀಯ ಅಭಿಪ್ರಾಯ ಇರುವಂತಿಲ್ಲ. ಅವನಿಗೆ ಇದ್ದದ್ದು ಸಂಗೀತದ ಅಭಿಪ್ರಾಯ. ಅದು ರಾಜಕೀಯದವರ ಮೇಲೆ ಹೋಗಿ ಬಿದ್ದರೆ ಅವನು ಜವಾಬ್ದಾರನಲ್ಲ.

ತಾವು ಗ್ರೂಪಿಗೆ ಒಂದು ಪೋಸ್ಟರ್ ಹಾಕಿದಿರಿ. ಅದರಲ್ಲಿ ಈಗ ನಮ್ಮ ವಾರ್ಡಿನ ಸದಸ್ಯನಾಗಿರುವ ಕಾಂತರಾಜುವಿನ ಮುಖ ಆಳೆತ್ತರ, ಉದ್ಘಾಟನೆಯಾಗಲಿರುವ ಶುದ್ಧ ಕುಡಿಯುವ ನೀರಿನ ಘಟಕ ಬೆಂಕಿಪೊಟ್ಟಣದಷ್ಟು, ‘ವಿಶೇಷ ಆಕರ್ಷಣೆ: ಮಗ್ಗದ ಸದ್ದು’ ಎಂಬುದು ಮುದ್ರಕರ ಹೆಸರಿಗಿಂತ ಸಣ್ಣಕ್ಷರದಲ್ಲಿ. ಅದರ ಕೆಳಗೆ ಮುನಿಕೃಷ್ಣ, “‘ಕರೆಂಟು ಬಂತಾ’ ಹಾಡ್ತೀವಿ. ಎರಡನೇ ಚರಣ ಬೇಡ ಅಂತ ಕಾಂತರಾಜನ ಕಡೆ ಹುಡುಗರು ಹೇಳವ್ರೆ” ಎಂದು ಬರೆದನು.

ಸದರಿ ಹಾಡನ್ನು ಮೂವರೂ ಸೇರಿ ಕಟ್ಟಿದ್ದು ಮಗ್ಗಗಳು ದಿನಗಟ್ಟಲೆ ಕರೆಂಟಿಲ್ಲದೆ ನಿಂತ ಬೇಸಿಗೆಯಲ್ಲಿ. ಅದರ ಜೀವ ಇರುವುದೇ ಎರಡನೇ ಚರಣದಲ್ಲಿ:

ವೋಟು ಕೇಳಕ್ ಬಂದಾಗ ಬಗ್ಗಿ ಕೈಯ ಮುಗಿದ್ಯಲ್ಲೋ
ಗೆದ್ದ ಮೇಲೆ ಕಾರಿನ ಗಾಜು ಇಳಿಸಲೇ ಇಲ್ವಲ್ಲೋ

ಅರ್ಜಿದಾರನಿಗೆ ಸಿಟ್ಟು ಬಂದಿತು. “ಎರಡನೇ ಚರಣ ನುಂಗ್ಕೊಂಡು ಹಾಡೋ ಬ್ಯಾಂಡಿಗೂ ಬೆಳಿಗ್ಗೆ ಹಾಡ್ಕೊಂಡು ಬರೋ ಕಸದ ಗಾಡಿಗೂ ಏನ್ರಪ್ಪಾ ವ್ಯತ್ಯಾಸ?” ಎಂದು ಬರೆದನು. ಹೂರಣದ ಘಟನೆ ನಡೆದದ್ದು ಇದಾದ ಕೂಡಲೇ.

5. ಹೊರಹಾಕಲ್ಪಟ್ಟ ನಂತರ ಅರ್ಜಿದಾರನ ಸ್ಥಿತಿಗತಿ. ಅಭಿಪ್ರಾಯಗಳು ಬರುವುದು ನಿಲ್ಲಲಿಲ್ಲ, ಹೇಳಿಕೊಳ್ಳಲು ಜಾಗ ಮಾತ್ರ ಇಲ್ಲವಾಯಿತು. ಒಂದು ಡ್ರಮ್ಮಿನ ಪೆಟ್ಟಿನ ಬಗ್ಗೆ ತನ್ನ ಅಕ್ಕ ಅಶ್ವತ್ಥಮ್ಮನವರಿಗೆ ಬರೆದಾಗ ಅವರು ಗುಲಾಬಿ ಹೂವಿನ ಚಿತ್ರದೊಂದಿಗೆ ‘ಶುಭೋದಯ’ ಎಂದು ಉತ್ತರಿಸಿದರು. ಕಚೇರಿಯಿಂದ ಮನೆಗೆ ಹೋಗುವ ದಾರಿಯಲ್ಲಿ ತಮ್ಮ ಅಂಗಡಿ ಸಿಗುತ್ತದೆ. ಅಲ್ಲಿ ನಿಂತು ಟೀ ಕುಡಿದು, ಒಂದು ಹಾಡಿನ ಬಗ್ಗೆ ಜಗಳವಾಡಿ ಮನೆಗೆ ಹೋಗುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಈಗ ಅವನು ಬಸ್ ಸ್ಟ್ಯಾಂಡ್ ಸುತ್ತಿಕೊಂಡು ಹೋಗುತ್ತಿದ್ದನು. ಒಂದು ದಿನ ವಾಣಿಶ್ರೀಯವರು ಬಟ್ಟೆ ಮಡಚುತ್ತಾ, “ಏನ್ರೀ, ಪ್ಲೇಯರ್ ಹಾಕ್ತಾನೇ ಇಲ್ಲ? ಕೆಟ್ಟೋಯ್ತಾ?” ಎಂದು ಕೇಳಿದರು. ಕೆಟ್ಟಿಲ್ಲವೆಂದು ಅವನು ಹೇಳಿದನು. ಅವರು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, “ಬೈಯ್ಯೋಕೆ ಮನೋಹರಣ್ಣ ಇಲ್ದೆ ಇದ್ರೆ ನಿಮಗೆ ಹಾಡೂ ಬೇಡ, ಅಲ್ವಾ?” ಎಂದರು. ಅರ್ಜಿದಾರನು ಎದ್ದು ಹೋಗಿ ಪ್ಲೇಯರಿನ ಧೂಳು ಒರೆಸಿದನು.

6. ಕಾರ್ಯಕ್ರಮದ ದಿನ ಅರ್ಜಿದಾರನು ಹೋಗಬಾರದೆಂದು ತೀರ್ಮಾನಿಸಿದನು; ಆದಕಾರಣ ಹೋದನು. ಗುರುತು ಸಿಗಬಾರದೆಂದು ಹೆಲ್ಮೆಟ್ ಹಾಕಿಕೊಂಡು ನಡೆದೇ ಹೋಗಿ, ಕುರ್ಚಿಗಳ ಕೊನೆಯ ಸಾಲಿನ ಹಿಂದೆ ನಿಂತನು. ಭಾಷಣಗಳು ಮುಗಿಯುವ ಹೊತ್ತಿಗೆ ಹೆಲ್ಮೆಟ್ಟಿನೊಳಗೆ ಅವನು ಅರ್ಧ ಬೆಂದಿದ್ದನು.

ಕಾಂತರಾಜುವಿಗೆ ಡ್ರಮ್ಮಿನ ಬಳಿ ಬರಲಾಗಲಿಲ್ಲ. ಹಾರಗಳು ಕತ್ತಿನಿಂದ ಕಿವಿಯವರೆಗೆ ಏರಿದ್ದು, ಅವನನ್ನು ಗಣ್ಯರ ಸಾಲಿನಿಂದ ಏಳಲು ಯಾರೂ ಬಿಡಲಿಲ್ಲ. ಡ್ರಮ್ಮುಗಳು ಖಾಲಿ ಸ್ಟೂಲಿನ ಮುಂದೆ ಕಾಯುತ್ತಿದ್ದವು. ಮುನಿಕೃಷ್ಣನ ಗಿಟಾರು (ಅದು ಎಲ್ಲಿ ಕೂತಿತ್ತು ಎಂಬುದನ್ನು ಇಲ್ಲಿ ಹೇಳುವುದಿಲ್ಲ) ಶುರುವಾಯಿತು. ತಾವು ಹಾಡಲು ಬಾಯಿ ತೆರೆದಿರಿ.

ಮಾನ್ಯರೇ, ತಮ್ಮ ದನಿ ಹಳೆಯದಾಗಿದೆ. ಮೇಲಿನ ಸ್ವರಕ್ಕೆ ಹೋಗುವಾಗ ಅದು ಸವೆದ ರೆಕಾರ್ಡಿನಂತೆ ಕರಕರ ಎನ್ನುತ್ತದೆ. ಆ ಕರಕರ ಕೇಳಿದಾಗ ಅರ್ಜಿದಾರನ ಕಣ್ಣಿನಲ್ಲಿ ನೀರು ಕಂಡುಬಂದಿದ್ದು, ಅದಕ್ಕೂ ಉದ್ಘಾಟನೆಯಾದ ಘಟಕಕ್ಕೂ ಸಂಬಂಧವಿರುವುದಿಲ್ಲ.

ಮೊದಲ ಚರಣ ಮುಗಿಯಿತು. ಗಿಟಾರು ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತಿತ್ತು. ತಾವು ಮೈಕು ಹಿಡಿದು ಸುಮ್ಮನೆ ನಿಂತುಬಿಟ್ಟಿರಿ. ಮುಂದಿನ ಸಾಲಿನವರು ಹಾಡು ಮುಗಿಯಿತೆಂದು ಚಪ್ಪಾಳೆ ತಟ್ಟತೊಡಗಿದರು. ತಾವು ಎರಡನೇ ಚರಣ ಮರೆತಿದ್ದೀರೆಂದು ಭಾವಿಸಿದ ಅರ್ಜಿದಾರನು “ವೋಟು ಕೇಳಕ್ ಬಂದಾಗ!” ಎಂದು ಕೂಗಿದನು. ಹೆಲ್ಮೆಟ್ಟಿನ ಕಾರಣ ಅದು ಅವನೊಬ್ಬನಿಗೇ ಕೇಳಿಸಿತು. ಆದ್ದರಿಂದ ಹೆಲ್ಮೆಟ್ ತೆಗೆದು, ಕುರ್ಚಿಯ ಮೇಲೆ ಹತ್ತಿ, ಮತ್ತೊಮ್ಮೆ ಕೂಗಿದನು. ಇಡೀ ಸಭೆ ತಿರುಗಿ ನೋಡಿತು. ತಾವೂ ನೋಡಿದಿರಿ. ನೋಡಿ, ನಕ್ಕು, ಹಾಡಿದಿರಿ.

ಕಾರಿನ ಗಾಜಿನ ಸಾಲು ಬಂದಾಗ ಹಿಂದಿನ ಸಾಲುಗಳಲ್ಲಿ ಸಿಳ್ಳೆ ಎದ್ದಿತು. ಕಾಂತರಾಜುವಿನ ಕಡೆಯ ಹುಡುಗರು ಸ್ವಿಚ್ ಬೋರ್ಡಿನತ್ತ ಓಡಿದರು. ಆದರೆ ಗಣ್ಯರ ಮೇಜಿನ ಮೇಲೆ ದಢದಢ ಎಂಬ ಸದ್ದು ಕೇಳಿಬಂದು, ನೀರಿನ ಬಾಟಲಿಗಳು ಉರುಳಿಬಿದ್ದವು. ಹಾರಗಳೊಳಗಿಂದ ಎರಡು ಕೈ ಹೊರಗೆ ಬಂದು ಮೇಜು ಬಾರಿಸುತ್ತಿದ್ದವು. ತಾಳ ಒಂದು ಕಡೆಯೂ ತಪ್ಪಲಿಲ್ಲ. ಹುಡುಗರು ವಯರು ಕೀಳಬೇಕೋ ಬೇಡವೋ ತಿಳಿಯದೆ ನಿಂತರು, ಆಮೇಲೆ ಕಿತ್ತರು. ಅಷ್ಟರಲ್ಲಿ ಹಾಡು ಮುಗಿದಿತ್ತು.

7. ಘಟಕದ ಹಿಂದೆ ತಾವು ವಯರು ಸುತ್ತುತ್ತಿದ್ದಾಗ ಅರ್ಜಿದಾರನು ಹಾಜರಾದನು. ಅಲ್ಲಿ ನಡೆದ ಮಾತುಕತೆ:

“ಏನಪ್ಪಾ ಹೆಲ್ಮೆಟ್ಟು?”

“ಗಾಡೀಲಿ ಬಂದೆ.”

“ಗಾಡಿ ಎಲ್ಲೈತೆ?”

“ಮನೇಲೈತೆ.”

ತಾವು ವಯರು ಸುತ್ತುವುದನ್ನು ನಿಲ್ಲಿಸಲಿಲ್ಲ. “ಲೇ ಶಂಕ್ರ, ನಾನು ಮರ್ತಿರ್ಲಿಲ್ಲ ಕಣೋ,” ಎಂದಿರಿ. “ಹೆದ್ರಿಕೆ ಆಯ್ತು. ನನ್ನ ಶಾಮಿಯಾನ ನಡೆಯೋದೇ ಇವರ ಫಂಕ್ಷನ್ನಲ್ಲಿ. ನೀನು ಕಸದ ಗಾಡಿ ಅಂದ್ಯಲ್ಲ, ಅದು ಸರಿಯಾಗೇ ಇತ್ತು. ಅದಕ್ಕೇ ತೆಗೆದಿದ್ದು.”

ಆಗ ಕಾಂತರಾಜು ಒಂದು ಹಾರ ಕಿವಿಗೆ ಸಿಕ್ಕಿಸಿಕೊಂಡೇ ಬಂದು, “ಲೇ, ಕಾರಿನ ಗಾಜಿನ ಸಾಲು ಬರೆದಿದ್ದೇ ನಾನು ಕಣ್ರೋ! ನನ್ನ ಸಾಲು ನಂಗೇ ಬೇಡ ಅಂದೋರು ಯಾರು?” ಎಂದನು. ಮತ್ತೆ ಅವನೇ, “ಎಸಿ ಹಾಕಿರ್ತೀನಿ, ಗಾಜು ಹೆಂಗ್ರೋ ಇಳಿಸ್ಲಿ?” ಎಂದನು. ಅವನ ಕಡೆಯವರು ಬಂದು ಅವನನ್ನು ಕರೆದುಕೊಂಡು ಹೋದರು.

ಅರ್ಜಿದಾರನು “ಗ್ರೂಪಿಗೆ ಸೇರ್ಸೋ” ಎಂದು ಕೇಳಿದ್ದು ಆಗಲೇ. ತಾವು ಉಲ್ಲೇಖ 2ರ ಸೂಚನೆ ಕೊಟ್ಟಿದ್ದೂ ಆಗಲೇ. ತಾವು ನಗುತ್ತಲೇ ಹೇಳಿದಿರಿ. ಆದರೆ ಟಪಾಲು ವಿಭಾಗದಲ್ಲಿ ಆಯುಷ್ಯ ಕಳೆದವನಿಗೆ ಅರ್ಜಿ ಹಾಕು ಎಂದರೆ ಅವನು ಹಾಕುತ್ತಾನೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಅರ್ಜಿದಾರನು ಬ್ಯಾಂಡುಗಳ ಪುನರ್ಮಿಲನದ ವಿರುದ್ಧ ತಾನು ಹೇಳಿದ ಎಲ್ಲವನ್ನೂ ಬೇಷರತ್ತಾಗಿ ಹಿಂಪಡೆಯುತ್ತಾನೆ. ಎರಡನೇ ಚರಣದ ಬಗ್ಗೆ ಹೇಳಿದ್ದನ್ನು ಹಿಂಪಡೆಯುವುದಿಲ್ಲ. ಸೋಲ್ ರೆಕಾರ್ಡಿನ ಬಗ್ಗೆ, ಅದು ಉಡುಗೊರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಮ್ಮೆ ಕೇಳಿದ್ದಾನೆ. ಉಸಿರು ಈಗಲೂ ಇಲ್ಲ. ಅವನನ್ನು ಇದ್ದ ಹಾಗೆಯೇ, ಅಂದರೆ ಅಭಿಪ್ರಾಯಗಳ ಸಮೇತ, ಗ್ರೂಪಿಗೆ ಮರುಸೇರ್ಪಡೆ ಮಾಡಿಕೊಳ್ಳಬೇಕಾಗಿ ಕೋರಿಕೆ.

ಇಂತಿ,
ಸದ್ಯಕ್ಕೆ ಗ್ರೂಪಿನ ಹೊರಗಿದ್ದರೂ ತಮ್ಮ ವಿಶ್ವಾಸದಲ್ಲೇ ಇರುವ,
ಉಮಾಶಂಕರ್

ಲಗತ್ತುಗಳು:
1. ಕಾರ್ಯಕ್ರಮದ ಪೋಸ್ಟರ್, ‘ಮಗ್ಗದ ಸದ್ದು’ ಎಂಬ ಹೆಸರಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದು.
2. ವಾಣಿಶ್ರೀಯವರ ಶಿಫಾರಸು ಪತ್ರ: “ಮನೋಹರಣ್ಣ, ದಯವಿಟ್ಟು ಸೇರಿಸ್ಕೊಳ್ಳಿ. ಈಗ ಎಲ್ಲಾನೂ ನನ್ನ ಹತ್ರಾನೇ ಹೇಳ್ತಾರೆ.”

ವಿ.ಸೂ.: ಶನಿವಾರ ಸಂಜೆ ತಮ್ಮ ಗೋಡೌನಿನಲ್ಲಿ ಬ್ಯಾಂಡಿನ ಅಭ್ಯಾಸ ಮತ್ತೆ ಶುರುವಾಗಿರುವುದೂ, ಕಾಂತರಾಜು ತಪ್ಪದೆ ಬರುತ್ತಿರುವುದೂ ಅರ್ಜಿದಾರನ ಗಮನಕ್ಕೆ ಬಂದಿದೆ. ಅವನು ಎದುರಿನ ಮೋರಿ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಾನೆ. ಷಟರನ್ನು ಪೂರ್ತಿ ಎಳೆದಿರುವ ಕಾರಣ ಡ್ರಮ್ಮು ಮಾತ್ರ ಹೊರಗೆ ಬರುತ್ತಿದ್ದು, ತಮ್ಮ ದನಿ ಕೇಳಿಸುತ್ತಿಲ್ಲ. ಆದಕಾರಣ, ಈ ಅರ್ಜಿ ಇತ್ಯರ್ಥವಾಗುವವರೆಗೆ ಮಧ್ಯಂತರ ಪರಿಹಾರವಾಗಿ, ಸದರಿ ಷಟರನ್ನು ಒಂದು ಅಡಿ ಮೇಲಕ್ಕೆ ಎತ್ತಿಸಿಕೊಡಬೇಕಾಗಿ ಪ್ರಾರ್ಥನೆ.