ಪಟಕ ಹಾಕಿದ್ರೋ ಇಲ್ಲೋ?

ಭುಜ್‌ನಿಂದ ಬಾಲಿವರೆಗೆ ಬಟ್ಟೆಗೆ ಬಣ್ಣ ಕಟ್ಟುವ ಹಂಡೆಗಳ ಮುಂದೆ ನಿಂತು ಬಂದವಳು ನಾನು. ಅಲ್ಲೆಲ್ಲ ಬಣ್ಣ ನಿಂತಿತು. ರೋಣಕ್ಕೆ ಬಂದ ಮೇಲೆ ಮಾತ್ರ ಏನಾದರೊಂದು ಆಗುತ್ತಲೇ ಇರುತ್ತದೆ. ಈಗೀಗ ನಗುವುದಕ್ಕೂ ದಣಿವು.

ನರಗುಂದದ ಅಂಗಡಿ

ಪಕ್ಕದ ಮನೆಯಾಕೆಗೆ ಮೊಮ್ಮಗಳು ಹುಟ್ಟಿದ್ದಳು. ಒಗೆದೊಗೆದು ಬೆಳ್ಳಗಾಗಿದ್ದ ತನ್ನ ಹತ್ತಿ ಸೀರೆಯಲ್ಲಿ ಕೂಸಿನ ತಲೆಗೆ ಕುಂಚಿಗೆ ಹೊಲಿದು, ಅದಕ್ಕೆ ಹಳದಿ ಬಣ್ಣ ಕಟ್ಟಿಸಬೇಕೆಂದು ನನ್ನ ಬೆನ್ನು ಹತ್ತಿದಳು.

“ತೊಟ್ಟಿಲ ಶಾಸ್ತ್ರಕ್ಕ ಗಜೇಂದ್ರಗಡದ ಬೀಗತಿ ಬರ್ತಾಳ್ರಿ ಅಕ್ಕಾರ. ಆಕಿ ಬಾಯಿಗೆ ಒಂದ ಹುಳುಕೂ ಸಿಗಬಾರದು.”

ಬಣ್ಣ ಬಟ್ಟೆಗೆ ಕಚ್ಚಬೇಕಾದರೆ ಅದನ್ನು ಮೊದಲು ಪಟಕ, ಅಂದರೆ ಸ್ಫಟಿಕ, ಕರಗಿಸಿದ ನೀರಲ್ಲಿ ನೆನೆಸಬೇಕು. ನರಗುಂದಕ್ಕೆ ಹೋದಾಗ ಕೇಳಿದೆ.

“ದಾಡಿಗೋ, ದಿಷ್ಟಿಗೋ?” ಎಂದ ಅಂಗಡಿಯವ.

“ಬಟ್ಟಿ ಬಣ್ಣಕ್ಕರಿ.”

ದಪ್ಪ ಹರಳೊಂದನ್ನು ಆರಿಸಿ, ಕರೀ ದಾರ ಕಟ್ಟಿಯೇ ಕೊಟ್ಟ.

“ದಾರ ಯಾಕ್ರಿ?”

“ಇರ್ಲಿ ಬಿಡ್ರಿ. ಬಣ್ಣಕ್ಕೂ ದಿಷ್ಟಿ ಆಗ್ತೈತಿ.”

ರೋಣದ ಒಲೆ

ಹಳದಿ ಬಣ್ಣಕ್ಕೆಂದು ಆಕೆಯ ಒಲೆಯ ಮೇಲೆ ದಾಳಿಂಬೆ ಸಿಪ್ಪೆ ಕುದಿಯಲು ಇಟ್ಟು, ಪಟಕ ಆಕೆಯ ಕೈಗಿಟ್ಟೆ. “ಬಣ್ಣಕ್ಕಿಂತ ಮೊದಲ ಪಟಕ ಹಾಕ್ರಿ, ಮರೀಬ್ಯಾಡ್ರಿ” ಎಂದು ಹೇಳಿ ಹುಬ್ಬಳ್ಳಿ ಬಸ್ಸು ಹಿಡಿದೆ. ಮರುದಿನ ಫೋನು ಮಾಡಿದೆ.

“ಬಣ್ಣ ಹತ್ತೇತೇನ್ರಿ?”

“ಬಟ್ಟಿ ಇನ್ನೂ ಒಣಗಿಲ್ರಿ. ನಮ್ಮನಿಯವರಿಗೆ ಮಾತ್ರ ಗಟ್ಟಿ ಹತ್ತೇತಿ. ಸಿಪ್ಪಿ ನೀರನ್ನ ಕಷಾಯ ಅಂತ ಒಂದ ಲೋಟ ಕುಡದ್ರು. ನಿನ್ನಿಯಿಂದ ಚರಿಗಿ ಹಿಡದು ಹೊರಗ ಹೋಗಿಲ್ಲ.”

ಬೀಗತಿ ಬಂದಳು

ತೊಟ್ಟಿಲ ದಿನ ಬಂದವಳೇ ಕುಂಚಿಗೆಯ ಹೊಲಿಗೆ ಎಳೆದು ನೋಡಿದಳು, ಅಂಚು ತಿರುವಿ ನೋಡಿದಳು. ಹುಳುಕು ಸಿಗಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಕುಳಿತಳು.

ಕೂಸಿಗೆ ಕುಂಚಿಗೆ ಕಟ್ಟಿ ಜೋಗುಳ ಶುರುವಾಯಿತು. ಬಿಸಿಲುಕಾಲ, ಪಡಸಾಲೆ ತುಂಬ ಹೆಂಗಸರು, ಕೂಸು ಬೆವರಿತು. ಎತ್ತಿಕೊಂಡ ಬೀಗತಿ ಚೀರಿದಳು:

“ಅಯ್ಯ ನನ್ನವ್ವಾ! ಕೂಸಿಗೆ ಕಾಮಾಲಿ ಆಗೇತಿ! ಗಾಡಿ ತರ್ರಿ, ಲಗೂನ ದವಾಖಾನಿಗೆ ನಡೀರಿ!”

ಕೆನ್ನೆ, ಕುತ್ತಿಗೆ ಎಲ್ಲ ಹಳದಿ. ಜೋಗುಳ ನಿಂತಿತು. ನಾನು ಸೆರಗು ಒದ್ದೆ ಮಾಡಿ ಒರೆಸಿದೆ. ಕಾಮಾಲೆ ಸೆರಗಿಗೆ ಬಂತು. ಎಲ್ಲರೂ ಪಕ್ಕದ ಮನೆಯಾಕೆಯತ್ತ ತಿರುಗಿದರು. ಆಕೆ ಗೋಡೆಗೆ ಅಂಟಿ ನಿಂತಿದ್ದಳು.

“ಪಟಕ ಹಾಕಿದ್ರೋ ಇಲ್ಲೋ?” ಎಂದೆ.

“ಹಾಕೇನಲ್ರಿ ಅಕ್ಕಾರ! ನೀವು ಹೇಳಿದಂಗ ಬಣ್ಣಕ್ಕಿಂತ ಮೊದಲ! ಕುಂಚಿಗಿಗೆ ಮೂರ ಸಲ ದಿಷ್ಟಿ ಇಳಿಸಿ, ಒಲಿಗೆ ಹಾಕೇನಿ.”

ನಾನು ಅಲ್ಲೇ ನೆಲಕ್ಕೆ ಕುಳಿತೆ. ಬೀಗತಿಯ ಮುಖ ಮಾತ್ರ ಆವತ್ತು ಮೊದಲ ಸಲ ಅರಳಿತು.

“ಚಲೋ ಮಾಡೀರಿ ನೋಡ್ರಿ ಬೀಗತಿ. ಇಲ್ಲಂದ್ರ ಖರೇನ ಕಾಮಾಲಿ ಆಗಿರ್ತಿತ್ತು.”