ಪಕ್ಷದ ನಿಲುವು ಮತ್ತು ತ್ರಿಶಲಾಳ ಬಾಣಂತನ

ನನ್ನಿಂದಾಗಿ ಒಂದು ರಾಜಕೀಯ ಪಕ್ಷಕ್ಕೆ ನಿಲುವು ಬಂತು ಎಂದು ಮಿರಜಿನ ನಮ್ಮ ಓಣಿಯಲ್ಲಿ ಹೇಳುತ್ತಾರೆ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಯಾರು ಏನೇ ಹೇಳಿದರೂ ಮೊದಲು ಪುರಾವೆ ಕೇಳುವುದು ನನ್ನ ಚಾಳಿ. ನನ್ನನ್ನು ಹೊಗಳಿದಾಗ ಮಾತ್ರ ಆ ಚಾಳಿಗೆ ತುಸು ಮೈಗಳ್ಳತನ ಬರುತ್ತದೆ. ಆದರೂ ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಪಕ್ಷಕ್ಕೆ ಬಂದದ್ದು ನಿಲುವಲ್ಲ, ಒಂದು ವಾಕ್ಯ.

ನನ್ನ ಅಪ್ಪನ ಅಕ್ಕ ಸುಮತಿ ಆತ್ಯಾ. ಅವಳ ಮಗಳು ತ್ರಿಶಲಾ, ಸಾಂಗ್ಲಿಗೆ ಫಾರ್ಮಸಿ ಓದಲು ಬಂದಿದ್ದ ಇರಾನಿನ ಹುಡುಗನನ್ನು ಮದುವೆಯಾಗಿ ಅವನ ದೇಶಕ್ಕೆ ಹೋದಳು. ನಮ್ಮದು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ; ಆ ಮದುವೆಗೆ ಮನೆಯಿಂದ ಒಬ್ಬರೂ ಹೋಗಲಿಲ್ಲ, ಆತ್ಯಾ ಕೂಡ. ಈಗ ತ್ರಿಶಲಾ ತುಂಬು ಗರ್ಭಿಣಿ ಎಂಬ ಸುದ್ದಿ ಬಂತು. ವಿಮಾನ ಹತ್ತಬೇಡ ಎಂದು ವೈದ್ಯರು ಹೇಳಿದ್ದರು. ಅಲ್ಲಿ ನೋಡಿಕೊಳ್ಳಲು ಅತ್ತೆಯೂ ಇಲ್ಲ. ಚೊಚ್ಚಲ ಬಾಣಂತನ ತವರಿನದು, ಮಗಳು ಇರಾನಿನಲ್ಲಿದ್ದರೂ ಅದು ತಪ್ಪುವುದಿಲ್ಲ ಎಂಬುದು ಆತ್ಯಾಳ ಹಟ. ಬಾಣಂತಿಗೂ ಕೂಸಿಗೂ ನೀರೆರೆಯಲು ಅಲ್ಲೇ ಒಬ್ಬ ಹೆಂಗಸನ್ನು ಗೊತ್ತು ಮಾಡಬೇಕು, ಅವಳ ಪಗಾರ ತನ್ನ ಕೈಯಿಂದಲೇ ಹೋಗಬೇಕು. ಮದುವೆಗೆ ಹೋಗದ ತಾಯಿಗೆ ಉಳಿದಿರುವ ದಾರಿ ಇದೊಂದೇ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಪುರಾವೆ ಕೇಳಲಿಲ್ಲ.

ಸಾಂಗ್ಲಿಯ ಬ್ಯಾಂಕಿನವರು ಮರ್ಯಾದೆಯಿಂದಲೇ ಕೈಚೆಲ್ಲಿದರು: ಆ ದೇಶದ ಮೇಲೆ ನಿರ್ಬಂಧವಿದೆ, ಹಣ ಹೋಗುವುದಿಲ್ಲ. ಬಾಣಂತಿಯರಿಗೆ ಕಟ್ಟುವ ಅಂಟಿನ ಉಂಡೆಗೆಂದು ಆತ್ಯಾ ಆಗಲೇ ಒಣ ಖರ್ಜೂರ ತಂದಿಟ್ಟಿದ್ದಳು. ಮರಳಿ ಬರುವಾಗ ಬಸ್ಸಿನುದ್ದಕ್ಕೂ ಅವಳು ನನ್ನ ಮೇಲೆ ಹರಿಹಾಯ್ದಳು. "ಅಂಟಿನ ಉಂಡಿಗಿ ತಂದ ಖಾರೀಕ ಎಲ್ಲೀವು? ಇರಾನದ್ದು ಅಂತ ಅಂಗಡ್ಯಾಂವ ದುಪ್ಪಟ್ಟ ತಗೊಂಡಾನ. ಖಾರೀಕ ಬರೂ ದಾರ್ಯಾಗ ರೊಕ್ಕ ಯಾಕ ಹೋಗಂಗಿಲ್ಲ?" ಯಾವ ಸ್ಪರ್ಧೆಯಲ್ಲೂ ನನಗೆ ಇಷ್ಟು ಕಠಿಣ ಪ್ರಶ್ನೆ ಎದುರಾಗಿರಲಿಲ್ಲ.

ಆಗ ಪಾಲಿಕೆ ಚುನಾವಣೆ ಹತ್ತಿರವಿತ್ತು. ರಷ್ಯಾದಲ್ಲಿ ಡಾಕ್ಟರಿಕೆ ಓದುವ ಮಕ್ಕಳಿದ್ದ ಮನೆಗಳಲ್ಲೂ ಇದೇ ಪೇಚಾಟ. ತಮ್ಮ ಪಕ್ಷ ಇಂಥವರ ಬೆನ್ನಿಗಿದೆ ಎಂದು ಓಣಿಯ ಮುಖಂಡ ಜಿನ್ನಪ್ಪ ಕಾಕಾ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ನಾನು ಅವರ ಕಚೇರಿಗೇ ಹೋದೆ.

"ಕಾಕಾ, ರೊಕ್ಕ ಕಳಸಾಕ ಬಿಡಬೇಕು ಅಂತೀರೋ, ಬ್ಯಾಡ ಅಂತೀರೋ?"

"ನಮ್ಮ ನಿಲುವು ಭಾಳ ಗಟ್ಟಿ ಐತೆವಾ. ಮುಂಬೈದಿಂದ ಬರೂದಷ್ಟ ಬಾಕಿ."

"ಇನ್ನಾ ಬರದ ಇದ್ದದ್ದು ಗಟ್ಟಿ ಐತಿ ಅಂತ ಹೆಂಗ ಗೊತ್ತಾತ್ರಿ?"

ಕಾಕಾ ನಕ್ಕು ಚಹಾ ತರಿಸಿದರು. "ಬಾಯಿ ಜೋರ ಐತಿ ನಿಂದು. ನೀನ ಬರದು ಕೊಡು, ಸಭಾದಾಗ ಓದ್ತೀನಿ."

ಬರೆಯಲು ಕೂತೆ. ಎದುರಾಳಿ ಎಲ್ಲಿ ಹಿಡಿಯಬಹುದು ಎಂದು ಹುಡುಕಿ ಹುಡುಕಿ ಮುಚ್ಚುವುದೇ ನಾನು ಕಲಿತ ವಿದ್ಯೆ. 'ಹಣ ಕಳುಹಿಸಲು ಬಿಡಬೇಕು' ಎಂದು ಶುರು ಮಾಡಿದೆ. ದೇಶದ ಗತಿಯೇನು ಎಂದು ಯಾರಾದರೂ ಎದ್ದು ನಿಂತಾರು. 'ದೇಶದ ಹಿತಕ್ಕೆ ಒಳಪಟ್ಟು' ಎಂದು ಸೇರಿಸಿದೆ. 'ಬಿಡಬೇಕು' ಎಂಬುದು ತೀರಾ ಬೆತ್ತಲೆಯಾಗಿ ಕಂಡಿತು. 'ಸಹಾನುಭೂತಿಯಿಂದ ಪರಿಶೀಲಿಸಬೇಕು' ಎಂದು ಹೊದಿಸಿದೆ. ಕೊನೆಗೆ ಯಾವ ದಿಕ್ಕಿನಿಂದ ಕಲ್ಲೆಸೆದರೂ ತಾಗದ ಒಂದು ವಾಕ್ಯ ಸಿದ್ಧವಾಯಿತು. ಕಾಕಾ ಅದನ್ನು ಮರಾಠಿ ಮಾಡಿ ಗಂಭೀರವಾಗಿ ಓದಿದಾಗ ಸಭೆ ಚಪ್ಪಾಳೆ ತಟ್ಟಿತು. ಎದುರು ಪಕ್ಷದವರೂ ತಟ್ಟಿದರು. ನನಗೆ ಆಗಲೇ ಅನುಮಾನ ಬರಬೇಕಿತ್ತು; ನಾನು ಕೈಮುಗಿಯುವುದರಲ್ಲಿ ಮುಳುಗಿದ್ದೆ.

ಮರುದಿನ ಅದು ಪತ್ರಿಕೆಯಲ್ಲಿ ಬಂತು. ಬೆಳಿಗ್ಗೆ ಬಾಗಿಲು ತೆರೆದರೆ ಆತ್ಯಾ ನಿಂತಿದ್ದಾಳೆ: ಬಸದಿಗೆ ಹೋಗುವಾಗ ಉಡುವ ಸೀರೆ, ಒಂದು ಕೈಯಲ್ಲಿ ಬ್ಯಾಂಕಿನವರಿಗೆಂದು ಅಂಟಿನ ಉಂಡೆಯ ಡಬ್ಬಿ, ಇನ್ನೊಂದರಲ್ಲಿ ಮಡಚಿದ ಪತ್ರಿಕೆ.

"ನಡಿ ಪೋರಿ, ಸಾಂಗ್ಲಿ ಬಸ್ ತಪ್ಪತೈತಿ. ನೀನ ಬರದೀಯಂತ, ಇಡೀ ಓಣಿ ಹೇಳಾಕತ್ತೈತಿ." ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಪತ್ರಿಕೆ ಬಿಡಿಸಿ, ನನ್ನ ವಾಕ್ಯದ ಮೇಲೆ ಬೆರಳಿಟ್ಟು ಮುಖ ನೋಡಿದಳು. "ಇದನ್ನ ತೋರಿಸಿದ್ರ ಇವತ್ತ ಕಳಸ್ತಾರಲ್ಲ?"