ಸಕ್ರವ್ವನ ತಲೆ ಹೇಳಿದ್ದನ್ನು ಬಚ್ಚಿಟ್ಟ ಯಂತ್ರಕ್ಕೆ

ಹುಬ್ಬಳ್ಳಿಯ ದವಾಖಾನೆಯೊಂದರ ತಂಪು ಕೋಣೆಯಲ್ಲಿ ವಿರಾಜಮಾನರಾದ ಅಯಸ್ಕಾಂತ ಯಂತ್ರ ಮಹಾರಾಜರಿಗೂ, ಅವರ ದಿವಾನರಾದ ವೈರುಗಳ ಟೊಪ್ಪಿಗೆಯವರಿಗೂ ನರೇಗಲ್ಲಿನ ಅರ್ಜುನಪ್ಪನ ಶರಣು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ಊರಿನ ಕರೆಂಟು ಹೋದರೂ ತಮಗೆ ಬೇರೆ ಕರೆಂಟಿದೆ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಇಲ್ಲದಿದ್ದರೆ ಬಿಡಿ.

ಲಕ್ವ ಹೊಡೆದು ನನ್ನ ಹೆಂಡತಿ ಸಕ್ರವ್ವನ ಬಲಗೈ ಬಿದ್ದು ವರ್ಷವಾಯಿತು. ಮೊದಲ ಸಲ ಬಂದಾಗ ಟೊಪ್ಪಿಗೆಯವರು ಅವಳ ತಲೆಯೇರಿ ಕೂತರು, ತಾವು ನೆತ್ತಿಯ ಮೇಲೆ ಟಕ್ಕೆಂದು ಅಯಸ್ಕಾಂತದ ಏಟು ಕೊಟ್ಟೊಡನೆ ಆ ಕೈಯ ಹೆಬ್ಬೆರಳು ಜಿಗಿಯಿತು. ಮಿದುಳು ಕೊಟ್ಟ ಮಾರುತ್ತರವನ್ನು ಟೊಪ್ಪಿಗೆಯವರು ಅಲೆ ಅಲೆಯಾಗಿ ಬರೆದುಕೊಂಡರು. ನಲವತ್ತು ವರ್ಷ ಸಂಸಾರ ಮಾಡಿದ ನನಗೇ ಸಿಗದ ಮಾರುತ್ತರ ತಮಗೆ ಒಂದೇ ಏಟಿಗೆ ಸಿಕ್ಕಿತಲ್ಲ, ಆ ಜಾಣತನಕ್ಕೆ ಕೈಮುಗಿದೆ.

ಎರಡನೇ ಸಲದ ತಪ್ಪು ನನ್ನದೇ. ಮುತ್ತೈದೆ ಒಣ ತಲೆಯಲ್ಲಿ ಊರು ದಾಟಬಾರದೆಂದು ನಾನೇ ಎಣ್ಣೆ ಹಚ್ಚಿ ಹೆಳಲು ಹಾಕಿ ಕರೆತಂದಿದ್ದೆ. ಎಣ್ಣೆಯಿದ್ದರೆ ಟೊಪ್ಪಿಗೆಗೆ ಅಲೆ ಹತ್ತುವುದಿಲ್ಲವಂತೆ. ಅಂದಿನ ಬರಹವೆಲ್ಲ ತಿಪ್ಪೆಗೆ ಹೋಯಿತು. ಅಧ್ಯಯನ ನಡೆಸುವ ಮಾಲಾ ಡಾಕ್ಟರು ಅವಳ ತಲೆ ತೊಳೆಸಿ, ಅಲ್ಲಿ ತಮ್ಮದೊಂದು ಅಂಟು ಬಳಿದರು. ನಮ್ಮ ಎಣ್ಣೆ ಹೊಲಸು, ತಮ್ಮ ಅಂಟು ಶಾಸ್ತ್ರ.

ಹನ್ನೆರಡು ಸಲ ಬಂದೆವು. ಕೈ ಬರುತ್ತದೋ ಇಲ್ಲವೋ, ಅವಳ ತಲೆ ಏನು ಹೇಳಿತು ಎಂದು ಕೇಳಿದರೆ, ಇದು ಚಿಕಿತ್ಸೆಯಲ್ಲ, ಅಧ್ಯಯನ, ಮುಗಿಯುವವರೆಗೆ ಹೇಳುವಂತಿಲ್ಲ, ನೀವು ಒಪ್ಪಿ ಕೊಟ್ಟ ಕಾಗದದಲ್ಲೇ ಬರೆದಿದೆ ಎಂದರು ಡಾಕ್ಟರು. ಖರೇ, ಬರೆದಿತ್ತು. ಮೊದಲ ದಿನ ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಲು ಸಕ್ರವ್ವನ ಸತ್ತ ಹೆಬ್ಬೆರಳನ್ನು ಎತ್ತಿ ಹಿಡಿದವನು ನಾನೇ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಮಾತಾಡಿದಳು: "ಆ ಮಿಶಿನ್ ಕರದ್ರ ಏಳತೈತಿ, ನಾ ಕರದ್ರ ಒಲ್ಲೆ ಅಂತೈತಿ. ಈ ಬೆರಳ ಯಾರದ್ರಿ?"

ಆದ್ದರಿಂದ ವಿನಂತಿ ಏನೆಂದರೆ, ಅವಳ ತಲೆ ಹೇಳಿದ್ದನ್ನು ತಾವು ಅವಳಿಗೇ ಓದಿ ಹೇಳಬೇಕು. ಆಗದಿದ್ದರೆ ದಿನಾ ಮುಂಜಾನೆ ನಮ್ಮ ಒಲೆಯ ಮುಂದೆ ದಯಮಾಡಿಸಿ, ಅವಳು ಆ ಕೈಯಿಂದ ರೊಟ್ಟಿ ಬಡಿದು ಮುಗಿಸುವವರೆಗೆ ಟಕ್ ಟಕ್ ಎನ್ನುತ್ತಿರಬೇಕು. ಅದೂ ಆಗದಿದ್ದರೆ ಆ ಕಾಗದ ಬರೆದವರ ನೆತ್ತಿಗೊಂದು ಬಡಿದು, ಎಲ್ಲಾದರೂ ಏನಾದರೂ ಮಿಡುಕುತ್ತದೆಯೋ ನೋಡಬೇಕು.

ಟೊಪ್ಪಿಗೆಯಿಲ್ಲದೆಯೇ ತಲೆ ಬಿಸಿಯಾಗಿರುವ,
ತಮ್ಮ ವಿಶ್ವಾಸಿ
ಅರ್ಜುನಪ್ಪ, ನರೇಗಲ್

ತಾ.ಕ.: ಮೊನ್ನೆ ನಾನು ರೊಟ್ಟಿ ಕೆಡಿಸುವುದನ್ನು ನೋಡಲಾರದೆ ಸಕ್ರವ್ವ ತಾನೇ ಹಿಟ್ಟಿಗೆ ಬಲಗೈ ಇಟ್ಟಳು. ಹಿಟ್ಟಿನ ಮೇಲೆ ಹೆಬ್ಬೆರಳಿನ ಗುರುತು ಮೂಡಿತು. ಯಾರೂ ಎತ್ತಿ ಹಿಡಿದಿರಲಿಲ್ಲ. ಕೈ ಹ್ಯಾಂಗಿದೆ ಎಂದು ಮಾಲಾ ಡಾಕ್ಟರು ನಿನ್ನೆ ಫೋನಿನಲ್ಲಿ ಕೇಳಿದರು. ನಮ್ಮ ಮನೆಯಲ್ಲೂ ಅಧ್ಯಯನ ನಡೆದಿದೆ, ಮುಗಿಯುವವರೆಗೆ ಹೇಳುವಂತಿಲ್ಲ ಎಂದೆ. ತಾವೂ ಅವರಿಗೆ ಹೇಳಬೇಡಿ.